ಬೆಟ್ಟದ ಬುಡದ ಮನೆ, ಬೇಸಿಗೆಯ ಬೆಂಕಿ ಮತ್ತು ನಮ್ಮ ನೆಲದ ಗಿಡಗಳು

ಪ್ರಶ್ನೆ: ನಮ್ಮ ಮನೆ ಚಾಮುಂಡಿ ಬೆಟ್ಟದ ದಕ್ಷಿಣ ತಪ್ಪಲಿನಲ್ಲಿ, ಉತ್ತನಹಳ್ಳಿಗೆ ಹತ್ತಿರದಲ್ಲಿದೆ. ಒಟ್ಟು 20 ಗುಂಟೆ ಜಾಗ. ಆರ್‌ಸಿಸಿ ಮನೆ, ಹಿಂದೆ ಶೀಟಿನ ಕೊಟ್ಟಿಗೆ, ಎರಡು ಹಸು, ಪಕ್ಕದಲ್ಲೇ ಹುಲ್ಲಿನ ಮೆದೆ. ಹಿಂಬದಿಯಲ್ಲಿ ಬೆಟ್ಟದವರೆಗೂ ಲಂಟಾನ ಮತ್ತು ಹುಲ್ಲು, ಎಡಗಡೆ ಮನೆಗಳಾಗದ ಖಾಲಿ ಲೇಔಟ್. ಕಳೆದ ಮಾರ್ಚ್‌ನಲ್ಲಿ ಆ ಲೇಔಟ್‌ನಲ್ಲಿ ಯಾರೋ ಕಸಕ್ಕೆ ಹಚ್ಚಿದ ಬೆಂಕಿ ನಮ್ಮ ಮುಳ್ಳುಬೇಲಿಯನ್ನು ಸುಟ್ಟು, ಮೆದೆಗೆ ಹತ್ತಿರ ಬಂದು ನಿಂತಿತು. ಅಂದಿನಿಂದ ಬೆಟ್ಟದ ಕಡೆ ಹೊಗೆ ಕಂಡರೆ ನಿದ್ದೆ ಬರುವುದಿಲ್ಲ. ಮರಗಿಡಗಳನ್ನೆಲ್ಲ ಕಡಿಸಿ ನೆಲ ಬೋಳು ಮಾಡಿಸಿ ಎನ್ನುತ್ತಾರೆ ನೆರೆಯವರು. ಸುತ್ತಲೂ ಕತ್ತಾಳೆ ಹಾಕಿದರೆ ಬೆಂಕಿ ದಾಟುವುದಿಲ್ಲ ಎಂದು ನರ್ಸರಿಯವರು ಹೇಳಿದರು. ನಮ್ಮ ಮಣ್ಣಿನ ಸ್ಥಳೀಯ ಗಿಡಗಳು ಬೆಂಕಿಯನ್ನು ತಾವೇ ತಡೆಯುತ್ತವೆ ಎಂಬುದು ಮಗನ ವಾದ. ಜನವರಿಯಲ್ಲಿ ನಾವೇ ಹುಲ್ಲು ಸುಟ್ಟುಬಿಡಬಹುದೇ? ಮನೆಗೆ ಒತ್ತಿಕೊಂಡಂತೆ ಎರಡು ತೆಂಗು, ಸ್ವಲ್ಪ ದೂರದಲ್ಲಿ ಒಂದು ಹಳೆಯ ಹೊಂಗೆ ಇದೆ, ಅವನ್ನು ತೆಗೆಸಬೇಕೇ? ಬೋರ್‌ವೆಲ್ ನೀರು ಬೇಸಿಗೆಯಲ್ಲಿ ಅರ್ಧ ಇಂಚಿಗೆ ಇಳಿಯುತ್ತದೆ.
— ನಿವೃತ್ತ ಶಿಕ್ಷಕಿ, ಮೈಸೂರು ತಾಲ್ಲೂಕು

ಉತ್ತರ: ನಿಮ್ಮ ಆತಂಕಕ್ಕೆ ಕಾರಣವಿದೆ, ಆದರೆ ಅದು ಮುಖ ಮಾಡಿರುವ ದಿಕ್ಕನ್ನು ಸ್ವಲ್ಪ ಬದಲಿಸಬೇಕು. ನೀವು ಬೆಟ್ಟದ ಕಡೆ ನೋಡಿ ಹೆದರುತ್ತಿದ್ದೀರಿ. ನಿಮ್ಮ ಪತ್ರ ಓದಿದಾಗ ನನ್ನ ಗಮನ ಹೋದದ್ದು ಎಡಗಡೆಯ ಖಾಲಿ ಲೇಔಟ್, ಮುಳ್ಳುಬೇಲಿ ಮತ್ತು ಹುಲ್ಲಿನ ಮೆದೆಯ ಮೇಲೆ. ಬೆಂಕಿ ಏರುಮುಖವಾಗಿ ಓಡುತ್ತದೆ, ಏಕೆಂದರೆ ಅದರ ಜ್ವಾಲೆ ಮತ್ತು ಬಿಸಿಗಾಳಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಡುತ್ತವೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೆಂಕಿ ನಂದಿಸುವವರು ಬಳಸುವ ಒಂದು ಸ್ಥೂಲ ಲೆಕ್ಕ. ಅದೇ ಬೆಂಕಿ ಇಳಿಯುವಾಗ, ಗಾಳಿ ಅದನ್ನು ತಳ್ಳದಿದ್ದರೆ, ನಿಧಾನವಾಗಿ ತೆವಳುತ್ತದೆ. ಆದ್ದರಿಂದ ಬೆಟ್ಟದ ಬುಡದಲ್ಲಿರುವ ನಿಮ್ಮ ಮನೆಗೆ ಮೇಲಿನಿಂದ ಬರುವ ಬೆಂಕಿಗಿಂತ ಸಮತಟ್ಟಾದ ಲೇಔಟ್ ಕಡೆಯಿಂದ ಗಾಳಿಯೊಡನೆ ನುಗ್ಗುವ ಹುಲ್ಲಿನ ಬೆಂಕಿಯೇ ಹೆಚ್ಚಿನ ಅಪಾಯ. ಕಳೆದ ವರ್ಷ ಆದದ್ದೂ ಅದೇ. ಇದಕ್ಕೆ ಇನ್ನೊಂದು ಮುಖವೂ ಇದೆ: ನಿಮ್ಮ ಅಂಗಳದಲ್ಲಿ ಹೊತ್ತಿದ ಕಿಡಿ ಬೆಟ್ಟಕ್ಕೆ ಏರಲು ಹೆಚ್ಚು ಹೊತ್ತು ಬೇಕಿಲ್ಲ. ಆ ಕುರುಚಲು ಕಾಡಿನ ಮಟ್ಟಿಗೆ ನೀವೇ ಅದರ ಕೆಳಗಿನ ಕಾವಲು.

ಬೆಂಕಿ ತಾನಾಗಿ ಹುಟ್ಟುತ್ತದೆ, ಬಿದಿರಿಗೆ ಬಿದಿರು ಉಜ್ಜಿ ಕಾಡು ಹೊತ್ತಿಕೊಳ್ಳುತ್ತದೆ ಎಂಬ ಮಾತು ನಮ್ಮ ಕಡೆ ಇನ್ನೂ ಬಳಕೆಯಲ್ಲಿದೆ. ಆದರೆ ನಮ್ಮ ಒಣ ಎಲೆಯುದುರುವ ಕಾಡುಗಳಲ್ಲಿ ಬೇಸಿಗೆಯ ಬೆಂಕಿಗೆ ಬಹುಪಾಲು ಮನುಷ್ಯರೇ ಕಾರಣ: ಆರಿಸದೆ ಎಸೆದ ಬೀಡಿ, ಸುಟ್ಟ ಕಸ, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಡ್ಡಿ, ಗದ್ದೆಯ ತರಗು, ಒಂದಕ್ಕೊಂದು ತಾಗುವ ವಿದ್ಯುತ್ ತಂತಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ನಾವೆಲ್ಲ ಕಂಡದ್ದು ಒಣಗಿದ ಹುಲ್ಲು, ಲಂಟಾನದ ಪೊದೆ ಮತ್ತು ಗಾಳಿ ಮೂರೂ ಒಟ್ಟಿಗೆ ಸೇರಿದರೆ ಏನಾಗುತ್ತದೆ ಎಂಬುದನ್ನು. ಮಂಡ್ಯದ ಕಡೆ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುವ ಗದ್ದೆಗಳ ಪಕ್ಕದ ಮನೆಗಳಿಗೂ ಇದೇ ಕಥೆ ಅನ್ವಯಿಸುತ್ತದೆ. ಅಲ್ಲಿ ಬೆಟ್ಟವಿಲ್ಲ, ಆದರೆ ಮನೆಯ ಹಿತ್ತಿಲಿಗೆ ಅಂಟಿಕೊಂಡ ಒಣ ಸೋಗೆ ಇದೆ.

ಇನ್ನು ಬೆಂಕಿ ಮನೆಯನ್ನು ಹಿಡಿಯುವ ಬಗೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಅವರು 1990ರ ದಶಕದ ಕೊನೆಯಲ್ಲಿ ಕೆನಡಾದ ಕಾಡಿನಲ್ಲಿ ನಡೆದ ಪ್ರಯೋಗಗಳಲ್ಲಿ ಮರದ ಗೋಡೆಗಳನ್ನು ಬೇರೆಬೇರೆ ದೂರದಲ್ಲಿ ನಿಲ್ಲಿಸಿ, ಎದುರಿನ ಕಾಡು ತಲೆಯವರೆಗೂ ಹೊತ್ತಿ ಉರಿಯುವಾಗ ಗಮನಿಸಿದರು. 10 ಮೀಟರ್ ದೂರದಲ್ಲಿದ್ದ ಗೋಡೆಗಳು ಕೆಲವು ಬಾರಿ ಹೊತ್ತಿಕೊಂಡವು. 20 ಮತ್ತು 30 ಮೀಟರ್ ದೂರದವು ಹೊತ್ತಿಕೊಳ್ಳಲಿಲ್ಲ. ಅಂದಮೇಲೆ ದೂರದ ಜ್ವಾಲೆಯ ಕಾವು ಮನೆಗಳನ್ನು ಸುಡುವುದು ಕಡಿಮೆ. ಹೆಚ್ಚಿನ ಮನೆಗಳು ಸುಡುವುದು ಗಾಳಿಯಲ್ಲಿ ಹಾರಿಬಂದ ಕಿಡಿ ಮತ್ತು ಕೆಂಡದ ಚೂರು ಗೋಡೆಯ ಬುಡದಲ್ಲಿ ಅಥವಾ ಸೂರಿನ ಮೇಲೆ ಒಣಗಿದ ಏನನ್ನಾದರೂ ಕಂಡಾಗ. ಈ ತಿಳಿವಿನ ಆಧಾರದ ಮೇಲೆಯೇ ಅಲ್ಲಿ ಮನೆಯ ಸುತ್ತ 5 ಅಡಿ, 30 ಅಡಿ, 100 ಅಡಿಗಳ ಮೂರು ಸುತ್ತುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ನಮ್ಮ ಮನೆಗಳು ಅವರ ಮನೆಗಳಂತೆ ಮರದವಲ್ಲ. ನಿಮ್ಮ ಆರ್‌ಸಿಸಿ ಗೋಡೆಗೆ ಹುಲ್ಲಿನ ಬೆಂಕಿ ತಾಗಿದರೆ ಬಣ್ಣ ಕಪ್ಪಾಗಬಹುದು, ಅಷ್ಟೆ. ಆದರೆ ನಾವು ಗೋಡೆಯ ಸುತ್ತ ಪೇರಿಸಿಡುವ ವಸ್ತುಗಳನ್ನು ಒಮ್ಮೆ ನೋಡಿ: ಸೌದೆ, ಬೆರಣಿ, ತೆಂಗಿನ ಮಟ್ಟೆ, ಹಳೆಯ ಗೋಣಿಚೀಲ, ಟಾರ್ಪಾಲು, ಹಸಿರು ಶೇಡ್ ನೆಟ್, ಡ್ರಿಪ್ ಪೈಪಿನ ಸುರುಳಿ, ಅಡುಗೆಮನೆಯ ಹೊರಗೋಡೆಗೆ ಒರಗಿದ ಗ್ಯಾಸ್ ಸಿಲಿಂಡರ್. ಬೆಂಕಿ ಮೊದಲು ಹಿಡಿಯುವುದು ಇವನ್ನು. ಆಮೇಲೆ ಕಿಟಕಿಯ ಗಾಜು ಸಿಡಿದು ಒಳಗಿನ ಪರದೆಗೆ ದಾರಿಯಾಗುತ್ತದೆ. ಹಾಗಾಗಿ ಗಿಡದ ಮಾತಿಗೆ ಮೊದಲು ನಾನು ಹೇಳುವ ಕೆಲಸ ಒಂದೇ: ಗೋಡೆಯಿಂದ 5 ಅಡಿಯೊಳಗೆ ಉರಿಯುವಂಥದ್ದು ಯಾವುದೂ ಇರಬಾರದು. ಆ ಪಟ್ಟಿಗೆ ಕಲ್ಲುಚಪ್ಪಡಿ, ಜಲ್ಲಿ ಅಥವಾ ಗುಡಿಸಿದ ಮಣ್ಣುನೆಲ ಸಾಕು. ತುಳಸಿಕಟ್ಟೆ ಇದ್ದರೆ ಇರಲಿ. ನಿತ್ಯ ನೀರು ಬೀಳುವ ಒಂದು ಗಿಡದಿಂದ ಅಪಾಯವಿಲ್ಲ, ಒಣಗಿದ ಕಡ್ಡಿಗಳನ್ನು ಆಗಾಗ ಮುರಿದು ತೆಗೆಯಿರಿ. ಹುಲ್ಲಿನ ಮೆದೆಯನ್ನು ಮನೆಯಿಂದಲೂ ಕೊಟ್ಟಿಗೆಯಿಂದಲೂ ಕನಿಷ್ಠ 50 ಅಡಿ ದೂರಕ್ಕೆ, ಲೇಔಟ್‌ಗೆ ಎದುರು ದಿಕ್ಕಿಗೆ ಸ್ಥಳಾಂತರಿಸಿ, ಅದರ ಸುತ್ತ 10 ಅಡಿ ನೆಲವನ್ನು ಕೆತ್ತಿಸಿ ಇಡಿ. ದಿನದ ಮೇವಿಗೆ ನಡೆಯುವ ದೂರ ಹೆಚ್ಚಾಗುತ್ತದೆ ಎಂಬುದು ನನಗೆ ಗೊತ್ತು, ಆದರೂ ಇದರಲ್ಲಿ ರಾಜಿ ಬೇಡ.

ಈಗ ನಿಮ್ಮ ಮಗನ ವಾದಕ್ಕೆ ಬರುತ್ತೇನೆ. ಸ್ಥಳೀಯ ಗಿಡಗಳ ಮೇಲಿನ ಅವರ ಪ್ರೀತಿ ನನ್ನದೂ ಹೌದು. ನನ್ನ ವೃತ್ತಿಯೇ ಅದು. ಆದರೆ ಸ್ಥಳೀಯ ಎಂಬ ಒಂದೇ ಕಾರಣಕ್ಕೆ ಯಾವ ಗಿಡವೂ ಬೆಂಕಿಯನ್ನು ತಡೆಯುವುದಿಲ್ಲ. ಇಲ್ಲಿ ಎರಡು ಗುಣಗಳನ್ನು ಬೆರೆಸಿಬಿಡುತ್ತೇವೆ. ಮುತ್ತುಗ, ಮತ್ತಿಯಂಥ ಮರಗಳು ದಪ್ಪ ತೊಗಟೆಯಿಂದಲೋ ಬುಡದಿಂದ ಮತ್ತೆ ಚಿಗುರುವ ಶಕ್ತಿಯಿಂದಲೋ ಬೆಂಕಿಯನ್ನು ತಾವು ಸಹಿಸಿಕೊಂಡು ಬದುಕುತ್ತವೆ. ಅದು ಮರದ ಬದುಕಿಗೆ ಒದಗುವ ಗುಣ, ಮನೆಗಲ್ಲ. ತೇಗ ಇದಕ್ಕೆ ಒಳ್ಳೆಯ ಉದಾಹರಣೆ: ಬೆಳೆದ ಮರ ನೆಲದ ಬೆಂಕಿಯನ್ನು ತಾಳಿಕೊಳ್ಳುತ್ತದೆ, ಆದರೆ ಬೇಸಿಗೆಯಲ್ಲಿ ಅದು ಉದುರಿಸುವ ಮೊರದಗಲದ ಒಣ ಎಲೆಗಳು ನೆಲದ ಮೇಲೆ ಬೆಂಕಿಗೆ ಹಾಸಿಗೆಯಾಗುತ್ತವೆ. ಬಂದರಿಕೆ ನಮ್ಮ ಬೆಟ್ಟಗಳದೇ ಗಿಡ, ಕೊರಕಲು ಮಣ್ಣನ್ನು ಹಿಡಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಅದರ ಎಲೆಯ ಮೇಲಿನ ಅಂಟುರಾಳ ಚೆನ್ನಾಗಿ ಉರಿಯುತ್ತದೆ. ಬಿದಿರಿನ ಮೆಳೆಯ ಒಳಗೆ ಸದಾ ಒಣ ಗಳು ಮತ್ತು ಎಲೆ ತುಂಬಿರುತ್ತವೆ. ಶ್ರೀಗಂಧದ ಕಥೆ ಇನ್ನೊಂದು ಬಗೆಯದು. ನಮ್ಮ ನೆಲದ್ದೇ ಆದರೂ ಬೆಂಕಿಗೆ ಬಹಳ ಸೂಕ್ಷ್ಮ, ಎಳೆಯ ಗಿಡ ಒಂದು ಹುಲ್ಲಿನ ಬೆಂಕಿಗೆ ಸತ್ತುಹೋಗುತ್ತದೆ. ಇವೆಲ್ಲ ನಿಮ್ಮ ಜಾಗದ ಅಂಚಿನಲ್ಲಿ ಇರಬೇಕಾದವು, ಕಿಟಕಿಯ ಕೆಳಗೆ ಅಲ್ಲ.

ಮನೆಗೆ ಒದಗುವ ಗಿಡವನ್ನು ಗುರುತಿಸುವುದಕ್ಕೆ ಹೆಸರಿಗಿಂತ ಲಕ್ಷಣ ಮುಖ್ಯ. ಹಸಿ ಎಲೆಯಲ್ಲಿ ಅದರ ಒಣ ತೂಕಕ್ಕಿಂತ ಹೆಚ್ಚು ತೂಕದ ನೀರು ಇರುತ್ತದೆ, ಆ ನೀರು ಆವಿಯಾಗುವವರೆಗೆ ಎಲೆ ಉರಿಯಲಾರದು. ಫೆಬ್ರವರಿಯ ಮಧ್ಯಾಹ್ನದ ಒಣ ಹುಲ್ಲಿನಲ್ಲಿ ಹತ್ತರಲ್ಲೊಂದು ಪಾಲಿನಷ್ಟು ನೀರೂ ಉಳಿದಿರುವುದಿಲ್ಲ, ಕಿಡಿ ತಾಗಿದ ಕ್ಷಣಕ್ಕೆ ಹೊತ್ತುತ್ತದೆ. ಆದ್ದರಿಂದ ನೀವು ಕೇಳಿಕೊಳ್ಳಬೇಕಾದ್ದು ಇಷ್ಟು: ಶಿವರಾತ್ರಿಯಿಂದ ಯುಗಾದಿಯವರೆಗೆ ಈ ಗಿಡ ಹಸಿರಾಗಿರುತ್ತದೆಯೇ? ಎಲೆ ಅಗಲವಾಗಿ, ಮೆತ್ತಗೆ, ನೀರು ತುಂಬಿಕೊಂಡಿದೆಯೇ? ಹಿಚುಕಿದರೆ ಕೈಗೆ ಎಣ್ಣೆ ಅಥವಾ ಅಂಟು ಹತ್ತುತ್ತದೆಯೇ? ಗಿಡದ ಒಳಗೆ ಸತ್ತ ಕಡ್ಡಿಗಳು ಸೇರಿಕೊಳ್ಳುತ್ತವೆಯೇ? ನೀಲಗಿರಿ ಹಸಿರಾಗಿದ್ದರೂ ಈ ಪರೀಕ್ಷೆಯಲ್ಲಿ ಸೋಲುತ್ತದೆ, ಮಜ್ಜಿಗೆಹುಲ್ಲು ಕೂಡ.

ಗೋಡೆಯ ಪಟ್ಟಿ ದಾಟಿದ ಮೇಲೆ 30 ಅಡಿಯವರೆಗಿನ ಸುತ್ತಿನಲ್ಲಿ ನೆಲಕ್ಕೆ ಗರಿಕೆ ಮತ್ತು ಒಂದೆಲಗ, ಎದೆಯೆತ್ತರಕ್ಕೆ ನಂದಿಬಟ್ಟಲು, ಕೇಪಳ, ಆಡುಸೋಗೆ, ಕಲ್ಲುಗಳ ಸಂದಿಗೆ ಮಂಗರವಳ್ಳಿ ಹಾಕಬಹುದು. ಆಡುಸೋಗೆಯ ವಿಷಯದಲ್ಲಿ ನನಗೆ ವಿಶೇಷ ಮಮತೆ ಇದೆ: ಮೇಕೆ ಮುಟ್ಟುವುದಿಲ್ಲ, ಕಡಿಮೆ ನೀರಿನಲ್ಲಿ ಹಸಿರಾಗಿ ಉಳಿಯುತ್ತದೆ, ಎಷ್ಟು ಕತ್ತರಿಸಿದರೂ ಮತ್ತೆ ದಟ್ಟವಾಗಿ ಚಿಗುರುತ್ತದೆ. ಆದರೆ ಇವುಗಳನ್ನು ಸಾಲುಬೇಲಿಯಂತೆ ಬಿಡುವಿಲ್ಲದೆ ನೆಡಬೇಡಿ. ಮೂರು ನಾಲ್ಕು ಗಿಡಗಳ ಗುಂಪು, ಆಮೇಲೆ ಗಿಡದ ಎತ್ತರದ ಎರಡರಷ್ಟು ಖಾಲಿ ನೆಲ, ಮತ್ತೆ ಒಂದು ಗುಂಪು ಎಂಬಂತಿರಲಿ. ಮರದ ಕೆಳಗೆ ಎತ್ತರದ ಪೊದೆ ಬೇಡ; ಹುಲ್ಲಿನಿಂದ ಪೊದೆಗೆ, ಪೊದೆಯಿಂದ ಕೆಳಗೊಂಬೆಗೆ, ಅಲ್ಲಿಂದ ಮರದ ತಲೆಗೆ ಬೆಂಕಿ ಏಣಿ ಹತ್ತುವಂತೆ ಹತ್ತುತ್ತದೆ, ಆ ಏಣಿಯ ಮೆಟ್ಟಿಲನ್ನು ನಾವೇ ಒದಗಿಸಬಾರದು.

ನೀರು ಕಡಿಮೆ ಎಂದಿರಿ. ಇಡೀ 20 ಗುಂಟೆಗೆ ನೀರುಣಿಸುವ ಅಗತ್ಯವಿಲ್ಲ. ಬಚ್ಚಲು ಮತ್ತು ಪಾತ್ರೆ ತೊಳೆದ ನೀರನ್ನು ಕಾಲುವೆ ಮಾಡಿ ಲೇಔಟ್ ಕಡೆಯ ಪಟ್ಟಿಗೆ ತಿರುಗಿಸಿದರೆ, ಅಲ್ಲಿ ಬಾಳೆ ಮತ್ತು ಕೆಸುವಿನ ಒಂದು ಹಸಿ ಸಾಲನ್ನು ಬೇಸಿಗೆಯುದ್ದಕ್ಕೂ ಉಳಿಸಿಕೊಳ್ಳಬಹುದು. ಬಾಳೆಯ ಒಣಗಿದ ಎಲೆಯನ್ನು ಮಾತ್ರ ಆಗಿಂದಾಗ್ಗೆ ಕೊಯ್ದು ಹಾಕಬೇಕು, ಇಲ್ಲವಾದರೆ ಅದೇ ಬೆಂಕಿಯ ಬತ್ತಿಯಾಗುತ್ತದೆ. ದೊಡ್ಡ ಲಾನ್ ಮಾಡಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಅರ್ಧ ಇಂಚಿನ ಬೋರ್‌ವೆಲ್ ಅದನ್ನು ಏಪ್ರಿಲ್‌ವರೆಗೆ ಹಸಿರಾಗಿಡಲಾರದು, ಒಣಗಿದ ಲಾನ್ ಹುಲ್ಲೇ.

ಇಲ್ಲಿ ಒಂದು ನಿಜವಾದ ಇಕ್ಕಟ್ಟು ಎದುರಾಗುತ್ತದೆ. ನಮ್ಮ ಕೆಂಪುಮಣ್ಣಿನಲ್ಲಿ ತೇವ ಉಳಿಸಲು ಗಿಡದ ಬುಡಕ್ಕೆ ತರಗೆಲೆ, ತೆಂಗಿನ ಸಿಪ್ಪೆ ಹೊದಿಸಿ ಎಂದು ನಾನೇ ಎಲ್ಲರಿಗೂ ಹೇಳುತ್ತೇನೆ. ಬೆಂಕಿಯ ದೃಷ್ಟಿಯಿಂದ ಅದೇ ಹೊದಿಕೆ ಕಿಡಿಗೆ ಸಿದ್ಧ ಗೂಡು, ಅದರಲ್ಲೂ ತೆಂಗಿನ ನಾರು ಜ್ವಾಲೆಯಿಲ್ಲದೆ ಗಂಟೆಗಟ್ಟಲೆ ಒಳಗೇ ಕನಲುತ್ತದೆ. ನಾನು ಅನುಸರಿಸುವ ದಾರಿ ಹೀಗಿದೆ: 30 ಅಡಿಯೊಳಗೆ ಒಣ ಹೊದಿಕೆ ಬೇಡ, ಅಲ್ಲಿ ಕೊಳೆತ ಗೊಬ್ಬರ ಹಾಕಿ ಮೇಲೆ ಒಂದು ಅಂಗುಲ ಮಣ್ಣು ಮುಚ್ಚಿ. ಅದರಾಚೆ ಪ್ರತಿ ಮರಕ್ಕೆ ಪಾತಿ ಮಾಡಿ, ಪಾತಿಯೊಳಗೆ ಮಾತ್ರ ತರಗೆಲೆ ಹಾಕಿ, ಪಾತಿಗಳ ನಡುವಿನ ನೆಲವನ್ನು ತೆರವಾಗಿಡಿ. ಗುಡಿಸಿದ ಎಲೆಯನ್ನು ಸುಡಬೇಡಿ. ಮನೆಯಿಂದ ದೂರ ಒಂದು ಗುಂಡಿ ತೆಗೆದು ಸಗಣಿಯೊಂದಿಗೆ ಪದರ ಪದರವಾಗಿ ಹಾಕಿ ತೇವವಾಗಿಟ್ಟರೆ ಮುಂಗಾರಿನ ಹೊತ್ತಿಗೆ ಗೊಬ್ಬರವಾಗುತ್ತದೆ.

ಮೂರನೆಯ ಸುತ್ತು, ಅಂದರೆ 30ರಿಂದ 100 ಅಡಿ, ನಿಮ್ಮ ಮಗ ಬಯಸುವ ಕಾಡುಮರಗಳಿಗೆ ತಕ್ಕ ಜಾಗ. ಹೊಂಗೆ, ನೇರಳೆ, ಹಿಪ್ಪೆ, ಬಕುಳ, ಅತ್ತಿ, ನಡುನಡುವೆ ಕಕ್ಕೆ ಮತ್ತು ಮುತ್ತುಗ, ಬೆಳೆದ ಮೇಲೆ ಒಂದರ ತಲೆ ಇನ್ನೊಂದಕ್ಕೆ ತಾಗದಷ್ಟು ಅಂತರದಲ್ಲಿ ಇರಲಿ. ಅತ್ತಿಯ ಬೇರು ಸಂಪು ಮತ್ತು ಅಡಿಪಾಯವನ್ನು ಹುಡುಕಿ ಬರುತ್ತದೆ, ಅದನ್ನು ಎಲ್ಲಕ್ಕಿಂತ ದೂರ ನೆಡಿ. ಸುಟ್ಟುಹೋದ ಮುಳ್ಳುಬೇಲಿಯನ್ನು ಮತ್ತೆ ಒಣಮುಳ್ಳಿನಿಂದ ಕಟ್ಟಬೇಡಿ. ಲೇಔಟ್‌ನ ಬೆಂಕಿಯನ್ನು ನಿಮ್ಮ ಮೆದೆಯ ಹತ್ತಿರಕ್ಕೆ ಕರೆತಂದದ್ದು ಅದೇ ಇರಬೇಕು. ಹಣ ಹೊಂದಿಸಲಾದರೆ ಆ ಒಂದು ಬದಿಗೆ 5 ಅಡಿಯ ಕಲ್ಲಿನ ಕಾಂಪೌಂಡ್ ಹಾಕಿಸಿ, ಅದು ನೆಲದ ಬೆಂಕಿಯನ್ನೂ ಅದರ ಕಾವನ್ನೂ ತಡೆಯುತ್ತದೆ, ಹಾರುವ ಕಿಡಿಯನ್ನು ತಡೆಯುವುದಿಲ್ಲ. ಆಗದಿದ್ದರೆ ಕವಳೆಯ ಜೀವಂತ ಬೇಲಿ ಬೆಳೆಸಿ, ಅದರ ಹೊರಗೆ ಒಂದು ಮಾರು ಅಗಲ ನೆಲವನ್ನು ಪ್ರತಿ ವರ್ಷ ಕೆತ್ತಿಸಿ.

ಕತ್ತಾಳೆಯ ಬಗ್ಗೆ ನರ್ಸರಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಅದರ ಹಸಿ ಪಟ್ಟೆ ಸುಲಭವಾಗಿ ಉರಿಯುವುದಿಲ್ಲ. ಆದರೆ ಅದು ಮೆಕ್ಸಿಕೊ ಕಡೆಯಿಂದ ಬಂದ ಗಿಡ, ಮರಿ ಹಾಕಿಕೊಂಡು ಹಬ್ಬುತ್ತದೆ, ಬುಡದ ಪಟ್ಟೆಗಳು ಒಣಗಿ ಜೋತುಬೀಳುತ್ತವೆ, ಮುಳ್ಳಿಗೆ ಹೆದರಿ ಅವನ್ನು ಯಾರೂ ಬಿಡಿಸುವುದಿಲ್ಲ, ಹೂಬಿಟ್ಟ ಮೇಲೆ ಇಡೀ ಗಿಡ ಒಣಗಿ ನಿಲ್ಲುತ್ತದೆ. ಹತ್ತು ವರ್ಷ ಕಳೆದ ಕತ್ತಾಳೆ ಬೇಲಿಯ ಬುಡದಲ್ಲಿ ಇಣುಕಿದರೆ ನಾನು ಹೇಳುವುದು ತಿಳಿಯುತ್ತದೆ. ಕಳ್ಳಿ ಬೇಲಿಯೂ ಬೆಂಕಿಗೆ ಪರವಾಗಿಲ್ಲ, ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮೊಮ್ಮಕ್ಕಳು ಓಡಾಡುವ ಮನೆಯಾದರೆ ಬೇಡ.

ಎಲ್ಲವನ್ನೂ ಕಡಿದು ಬೋಳು ಮಾಡುವ ನೆರೆಯವರ ಸಲಹೆ ಕೇಳುವುದಕ್ಕೆ ಸರಳ, ಪರಿಣಾಮದಲ್ಲಿ ದುಬಾರಿ. ಮರದ ನೆರಳು ಹೋದ ನೆಲ ಹೆಚ್ಚು ಕಾಯುತ್ತದೆ, ಗಾಳಿಗೆ ತಡೆ ಇಲ್ಲವಾಗುತ್ತದೆ, ಮತ್ತು ಖಾಲಿ ನೆಲದಲ್ಲಿ ಮೊದಲ ಮಳೆಗೆ ಹುಟ್ಟುವುದು ಪಾರ್ಥೇನಿಯಂ ಹಾಗೂ ಆಳೆತ್ತರದ ಹುಲ್ಲು. ಮುಂದಿನ ಫೆಬ್ರವರಿಗೆ ನಿಮ್ಮ ಬಳಿ ಈಗಿರುವುದಕ್ಕಿಂತ ಹೆಚ್ಚು ಒಣ ಹುಲ್ಲು ಇರುತ್ತದೆ. ಇಳಿಜಾರಿನ ಮಣ್ಣಿಗೆ ಬೇರಿನ ಹಿಡಿತ ಎಷ್ಟು ಬೇಕೆಂಬುದನ್ನು 2021ರ ಭಾರೀ ಮಳೆಯಲ್ಲಿ ಬೆಟ್ಟದ ನಂದಿ ರಸ್ತೆ ಕುಸಿದದ್ದನ್ನು ನೋಡಿದ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲದೆ ಮರ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅಡಿ ಹಲವು ಜಾತಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು.

ತೆಗೆಯಬೇಕಾದ್ದು ಲಂಟಾನ. ಅಲಂಕಾರಕ್ಕೆಂದು 19ನೇ ಶತಮಾನದಲ್ಲಿ ತಂದ ಈ ಅಮೆರಿಕ ಖಂಡದ ಪೊದೆ ಇಂದು ನಮ್ಮ ಕಾಡುಗಳ ದೊಡ್ಡ ಪೀಡೆ. ಸುಟ್ಟರೆ ಬುಡದಿಂದ ಇನ್ನಷ್ಟು ದಟ್ಟವಾಗಿ ಚಿಗುರುತ್ತದೆ, ಬರೀ ಕೊಂಬೆ ಸವರಿದರೂ ಅಷ್ಟೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರು ರೂಪಿಸಿದ ವಿಧಾನ ನನಗೆ ಒಪ್ಪಿಗೆಯಾಗಿದೆ: ನೆಲದ ಕೆಳಗೆ ಕೆಲವು ಅಂಗುಲ ಆಳದಲ್ಲಿ, ಚಿಗುರೊಡೆಯುವ ಬುಡಭಾಗದ ಕೆಳಗೆ, ತಾಯಿಬೇರನ್ನು ಗುದ್ದಲಿಯಿಂದ ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿಸಿ ಒಣಗಲು ಬಿಡುವುದು. ಕಾಯಿ ಕಟ್ಟುವ ಮೊದಲು ಮಾಡಿದರೆ ಒಳ್ಳೆಯದು. ಒಣಗಿದ ಪೊದೆಯನ್ನು ಬೇಸಿಗೆಗೆ ಮುಂಚೆ ಸೌದೆಗೆ ಸಾಗಿಸಿ, ಅಲ್ಲೇ ರಾಶಿ ಬಿಡಬೇಡಿ. ನಿಮ್ಮ ಗಡಿಯೊಳಗಿನದನ್ನು ಮಾತ್ರ ತೆಗೆಯಿರಿ. ಅದರಾಚೆ ಬೆಟ್ಟದ ಕಡೆಗೆ ಅರಣ್ಯ ಇಲಾಖೆಯವರನ್ನು ಕೇಳದೆ ಕೈ ಹಾಕಬಾರದು. ಬುಡ ಕಿತ್ತ ಜಾಗವನ್ನು ಖಾಲಿ ಬಿಟ್ಟರೆ ಮತ್ತೆ ಅದೇ ಬರುತ್ತದೆ, ಆದ್ದರಿಂದ ಅದೇ ಮಳೆಗಾಲದಲ್ಲಿ ಸಸಿ ನೆಡಬೇಕು.

ಜನವರಿಯಲ್ಲಿ ನೀವೇ ಹುಲ್ಲು ಸುಡುವ ಯೋಚನೆಯನ್ನು ಕೈಬಿಡಿ. ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಹುಲ್ಲನ್ನು ಪಟ್ಟಿಯಾಗಿ ಸುಟ್ಟು, ಬೆಂಕಿ ದಾಟದಂತೆ ಬೆಂಕಿ ರೇಖೆ ಮಾಡುವುದನ್ನು ನೀವು ನೋಡಿರುತ್ತೀರಿ. ಅದು ಸಾಕಷ್ಟು ಜನ, ಸಲಕರಣೆ ಮತ್ತು ಅನುಭವ ಇಟ್ಟುಕೊಂಡು ಮಾಡುವ ಕೆಲಸ. ನಿಮ್ಮ ಮನೆಯ ಮೇಲೆ ಏರು, ಬೆಳಿಗ್ಗೆ ತಣ್ಣಗಿದ್ದ ಗಾಳಿ ಹತ್ತು ಗಂಟೆಗೆ ಬೆಟ್ಟ ಹತ್ತಲು ತೊಡಗುತ್ತದೆ. ಮೀಸಲು ಅರಣ್ಯಕ್ಕೆ ಬೆಂಕಿ ತಗುಲಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅದು ಅಪರಾಧವೂ ಹೌದು. ಸುಡುವ ಬದಲು ಕೊಯ್ಯಿರಿ: ಹಿಂಗಾರು ಮುಗಿದು ಹುಲ್ಲು ಹಳದಿಗೆ ತಿರುಗುವ ಡಿಸೆಂಬರ್‌ನಲ್ಲಿ ಒಮ್ಮೆ, ಫೆಬ್ರವರಿಯ ಮೊದಲ ವಾರದಲ್ಲಿ ಇನ್ನೊಮ್ಮೆ, ನಾಲ್ಕು ಅಂಗುಲ ಬಿಟ್ಟು. ಬುಡಸಮೇತ ಕೆರೆದರೆ ಮಣ್ಣು ಕೊಚ್ಚಿಹೋಗುತ್ತದೆ. ಕೊಯ್ದದ್ದು ಹಸುಗಳಿಗಾಯಿತು. ಯಂತ್ರದಲ್ಲಿ ಹೊಡೆಸುವುದಾದರೆ ಇಬ್ಬನಿ ಆರುವ ಮುಂಚೆಯೇ ಹೊಡೆಸಿ, ಏಕೆಂದರೆ ನಡುಮಧ್ಯಾಹ್ನ ಕಬ್ಬಿಣದ ಅಲಗು ಕಲ್ಲಿಗೆ ಬಡಿದು ಹಾರಿದ ಕಿಡಿಯೇ ಬೆಂಕಿಯಾಗಬಲ್ಲದು.

20 ಗುಂಟೆ ಎಂದರೆ 21,780 ಚದರಡಿ, ಅಂದರೆ ಚೌಕವಾಗಿದ್ದರೆ ಬದಿಗೆ ಸುಮಾರು 148 ಅಡಿ. ಮನೆ ನಡುಮಧ್ಯದಲ್ಲಿದ್ದರೂ ನಿಮ್ಮ 100 ಅಡಿಯ ಸುತ್ತು ಬೇಲಿಯ ಹೊರಗೆ ಚಾಚುತ್ತದೆ. ಆದ್ದರಿಂದ ಲೇಔಟ್‌ನ ನಿವೇಶನದಾರರ ಸಹಕಾರ ನಿಮಗೆ ಅಗತ್ಯ. ಡಿಸೆಂಬರ್‌ನಲ್ಲೇ ಗ್ರಾಮ ಪಂಚಾಯಿತಿಗೆ ಅಥವಾ ನಿಮ್ಮ ವ್ಯಾಪ್ತಿಯ ಸ್ಥಳೀಯ ಸಂಸ್ಥೆಗೆ ಲಿಖಿತ ಮನವಿ ಕೊಡಿ, ನಾಲ್ಕು ಮನೆಯವರು ಒಟ್ಟಾಗಿ ಸಹಿ ಹಾಕಿದರೆ ಅದಕ್ಕೆ ತೂಕ ಬರುತ್ತದೆ. ಹಸು ಸಾಕುವವರಿಗೆ ಆ ಹುಲ್ಲು ಕೊಯ್ಯಲು ಅವಕಾಶ ಮಾಡಿಕೊಟ್ಟರೆ ಬಹಳಷ್ಟು ಕೆಲಸ ಖರ್ಚಿಲ್ಲದೆ ಆಗುತ್ತದೆ. ತಂತಿಗೆ ತಾಗುವ ಕೊಂಬೆಗಳನ್ನು ನೀವೇ ಕಡಿಸಬೇಡಿ, ವಿದ್ಯುತ್ ಸರಬರಾಜು ಸಂಸ್ಥೆಯಾದ ಚೆಸ್ಕಾಂಗೆ ತಿಳಿಸಿ.

ಕೊನೆಯದಾಗಿ ನಿಮ್ಮ ಮೂರು ಮರಗಳು. ಹೊಂಗೆ ಇರಲಿ, ಅದು ನಿಮ್ಮ ಆಸ್ತಿ. ನೆಲದಿಂದ 8 ಅಡಿಯವರೆಗಿನ ಕೊಂಬೆಗಳನ್ನು ಸವರಿಸಿ, ಸೂರಿನ ಮೇಲೆ ಚಾಚಿದ್ದನ್ನು 10 ಅಡಿ ಹಿಂದಕ್ಕೆ ಕತ್ತರಿಸಿ, ಅದು ಎಲೆ ಉದುರಿಸುವ ಮಾರ್ಚ್ ತಿಂಗಳಲ್ಲಿ ಮಾತ್ರ ಎರಡು ದಿನಕ್ಕೊಮ್ಮೆ ಗುಡಿಸಿ. ತೆಂಗಿನ ಅಪಾಯ ಮರದಲ್ಲಿಲ್ಲ, ಜೋತುಬಿದ್ದ ಒಣಗರಿ ಮತ್ತು ತಲೆಯಲ್ಲಿ ಸಿಕ್ಕಿಕೊಂಡ ನಾರುಬಲೆಯಲ್ಲಿದೆ. ಕಿಡಿ ಅಲ್ಲಿ ಕೂತರೆ ಗರಿ ಉರಿದು ನಿಮ್ಮ ತಾರಸಿಯ ಪ್ಲಾಸ್ಟಿಕ್ ಟ್ಯಾಂಕಿನ ಮೇಲೇ ಬೀಳುತ್ತದೆ. ಜನವರಿಯಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಮರ ಹತ್ತಿಸಿ ಸ್ವಚ್ಛ ಮಾಡಿಸಲು ನಿಮ್ಮಿಂದಾಗುವುದಾದರೆ ಎರಡೂ ಉಳಿಯಲಿ; ಹತ್ತುವವರು ಸಿಗುವುದಿಲ್ಲ ಎಂಬ ಪರಿಸ್ಥಿತಿ ಇದ್ದರೆ ಗೋಡೆಗೆ ತೀರ ಒತ್ತಿರುವ ಒಂದನ್ನು ತೆಗೆಸುವುದೇ ಸರಿ. ಬೇಸಿಗೆಯಲ್ಲಿ ಆ ಟ್ಯಾಂಕನ್ನು ಸದಾ ತುಂಬಿಸಿಡಿ, ಬೆಂಕಿ ಬಂದಾಗ ಕರೆಂಟ್ ಹೋಗುವುದೇ ಹೆಚ್ಚು, ಮೋಟಾರು ನಂಬಿಕೊಂಡಿರಲಾಗದು. ಅದರಿಂದ ಇಳಿಯುವ ಒಂದು ಹೊರನಲ್ಲಿಗೆ ಪ್ಲಾಸ್ಟಿಕ್ ಬದಲು ಕಬ್ಬಿಣದ ಪೈಪು ಹಾಕಿಸಿ, ಕೊಟ್ಟಿಗೆ ಮುಟ್ಟುವಷ್ಟು ಉದ್ದದ ರಬ್ಬರ್ ಪೈಪನ್ನು ಅಲ್ಲೇ ಸುತ್ತಿಡಿ. ಜ್ವಾಲೆ ನಿಮ್ಮ ಎತ್ತರಕ್ಕಿಂತ ಮೇಲಿದ್ದರೆ ಆರಿಸಲು ನಿಲ್ಲಬೇಡಿ. ಹಸುಗಳ ಹಗ್ಗ ಬಿಚ್ಚಿ, ಕಿಟಕಿ ಬಾಗಿಲು ಮುಚ್ಚಿ, 101 ಅಥವಾ 112ಕ್ಕೆ ಕರೆ ಮಾಡಿ, ರಸ್ತೆಯ ಕಡೆಗೆ ನಡೆಯಿರಿ.